ಹೊಸಿಲ ಮೇಲೆ ನಿಲ್ಲಬಾರದು

‘ಒಂದೈದು ನಿಮಿಷ ಅಷ್ಟೇ’ ಎನ್ನುವ ಮಾತಿಗೂ ಗಡಿಯಾರಕ್ಕೂ ನಮ್ಮಲ್ಲಿ ಹೆಚ್ಚಿನ ನಂಟಿಲ್ಲ. ಒಲೆಯ ಮೇಲಿಟ್ಟ ಹಾಲು ಕಾಯುವ ಐದು ನಿಮಿಷ ಬೇರೆ, ಸೀರೆ ಅಂಗಡಿಯ ಹೊರಗೆ ನಿಂತ ಗಂಡಸರ ಐದು ನಿಮಿಷ ಬೇರೆ, ‘ಐದೇ ನಿಮಿಷ ಕೂತು ಹೊರಡ್ತೀನಿ’ ಎಂದು ದೀಪ ಹಚ್ಚುವ ಹೊತ್ತಿಗೆ ಬರುವ ಪಕ್ಕದ ಮನೆಯವರ ಐದು ನಿಮಿಷವಂತೂ ಬೇರೆಯೇ. ಇದೆಲ್ಲ ಗೊತ್ತಿದ್ದೇ ನಾವು ಸಂಸಾರ ತೂಗಿಸುತ್ತೇವೆ. ಯಾರ ಐದು ನಿಮಿಷ ಎಷ್ಟು ಉದ್ದ ಎಂದು ಅನುಭವದಿಂದ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಅನ್ನಕ್ಕೆ ನೀರಿಡುತ್ತೇವೆ. ಆದರೆ ಈ ಐದು ನಿಮಿಷಕ್ಕೆ ಲೆಕ್ಕ ಇಡಲೇಬೇಕಾದ ಜಾಗಗಳೂ ಇವೆ, ಹಾಗೆ ಲೆಕ್ಕ ಇಡುವುದು ಒಂದು ಬಗೆಯ ಕರುಣೆ ಎಂದು ನನಗೆ ಅನ್ನಿಸತೊಡಗಿದ್ದು ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಗೇಟಿನ ಮುಂದೆ.

ನಮ್ಮ ಪೇಟೆಯಿಂದ ಎಂಟು ಕಿಲೋಮೀಟರ್ ದೂರದ ಆ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೂ ಶಾಲಾಭಿವೃದ್ಧಿ ಸಮಿತಿಯವರು ‘ಮೇಡಮ್ಮೋರೆ, ಒಂದ್ಸಲ ಬಂದು ಹೋಗಿ’ ಎಂದು ಕರೆಯುತ್ತಾರೆ, ನಾನೂ ಬಸ್ಸು ಹತ್ತುತ್ತೇನೆ. ನಾನು ಅಲ್ಲಿಗೆ ಸೇರಿದ ಹೊಸತರಲ್ಲಿ ಶಾಲೆಯ ಮುಂದೆ ಮಣ್ಣಿನ ರಸ್ತೆಯಿತ್ತು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಅದೇ ಬಸ್ಸು. ವನಮಹೋತ್ಸವದ ದಿನ ಮಕ್ಕಳು ನೆಟ್ಟ ನಾಲ್ಕು ಹೊಂಗೆ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿ, ಬಿಸಿಯೂಟದ ತಟ್ಟೆ ತೊಳೆದ ನೀರು ಹಾಕಿ ಸಾಕಿದೆವು. ಈಗ ಅವು ಮರಗಳಾಗಿವೆ. ರಸ್ತೆಗೆ ಡಾಂಬರು ಬಂದಿದೆ. ಊರಿನ ಒಳ್ಳೆಯ ನೆರಳೆಲ್ಲ ಶಾಲೆಯ ಗೇಟಿನ ಮುಂದೆಯೇ ಇದೆ. ನೆರಳಿದ್ದಲ್ಲಿ ಗಾಡಿ ಇರಲೇಬೇಕಲ್ಲ!

ಬೆಳಗಿನ ಬಸ್ಸಿಗೆ ಪೇಟೆಯ ಕೆಲಸಕ್ಕೆ ಹೋಗುವವರು ತೋಟದ ಮನೆಗಳಿಂದ ಬೈಕಿನಲ್ಲಿ ಬಂದು, ಅದನ್ನು ಹೊಂಗೆಯ ನೆರಳಿಗೆ ನಿಲ್ಲಿಸಿ ಬಸ್ಸು ಹತ್ತುತ್ತಾರೆ. ಬೈಕು ಸಂಜೆಯವರೆಗೂ ಅಲ್ಲೇ. ಆಮೇಲೆ ಎದುರಿನ ಅಂಗಡಿಗೆ ಸಾಮಾನು ಇಳಿಸುವ ಗೂಡ್ಸ್ ಆಟೋ ಬರುತ್ತದೆ, ಶುಂಠಿ ಮೂಟೆ ಹೇರುವ ಟೆಂಪೋ ಬರುತ್ತದೆ, ಡ್ರೈವರು ಅದರಲ್ಲೇ ಒಂದು ಸಣ್ಣ ನಿದ್ದೆ ತೆಗೆಯುತ್ತಾನೆ. ಮಂಗಳವಾರ ಸಂತೆಯ ದಿನವಂತೂ ಕೇಳುವುದೇ ಬೇಡ. ಇವುಗಳ ನಡುವೆ ಮಕ್ಕಳನ್ನು ಬಿಡಲು ಬಂದ ತಾಯಿ ತಂದೆಯರ ಸ್ಕೂಟರುಗಳಿಗೆ ಜಾಗವಿಲ್ಲದೆ, ಅವರು ನಡುರಸ್ತೆಯಲ್ಲೇ ಮಕ್ಕಳನ್ನು ಇಳಿಸಿ ‘ಓಡು, ಓಡು’ ಎನ್ನುತ್ತಾರೆ.

ಹೋದ ಮಳೆಗಾಲದ ಒಂದು ಮಂಗಳವಾರ, ಶಾಲೆ ಬಿಡುವ ಹೊತ್ತಿಗೆ, ಮೂರನೇ ತರಗತಿಯ ಒಬ್ಬ ಹುಡುಗಿ ಎರಡು ಟೆಂಪೋಗಳ ಸಂದಿನಿಂದ ರಸ್ತೆಗೆ ಕಾಲಿಟ್ಟಳು. ಬೈಕೊಂದು ತಾಗಿತು. ಬಲಗೈ ಮುರಿಯಿತು. ದೇವರು ದೊಡ್ಡವನು, ಕೈಯೊಂದರಲ್ಲೇ ಮುಗಿಯಿತು ಎಂದರು ಊರವರು. ಒಂದೂವರೆ ತಿಂಗಳು ಆ ಮಗು ಎಡಗೈಯಲ್ಲಿ ಕಾಗುಣಿತ ಬರೆಯಿತು.

ತಪ್ಪು ಯಾರದು? ಬೈಕಿನ ಹುಡುಗ ಅಂಥ ಜೋರಾಗಿಯೇನೂ ಬರುತ್ತಿರಲಿಲ್ಲವಂತೆ. ಇರಬಹುದು. ಗಂಟೆಗೆ ನಲವತ್ತು ಕಿಲೋಮೀಟರ್ ಎಂದರೆ ನಮಗೆ ನಿಧಾನವೇ. ಆದರೆ ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್, ಅಂದರೆ ಮೂವತ್ತಾರು ಅಡಿ ಮುಂದೆ ಹೋಗಿರುತ್ತದೆ. ಕಣ್ಣು ಕಂಡದ್ದು ಕಾಲಿಗೆ ತಿಳಿದು ಬ್ರೇಕು ಒತ್ತುವುದರೊಳಗೆ ಆ ಮೂವತ್ತಾರು ಅಡಿ ಕಳೆದುಹೋಗಿರುತ್ತದೆ. ಒಂದನೇ ತರಗತಿಯ ಮಗುವಿನ ಎತ್ತರ ಮೂರೂವರೆ ಅಡಿಯಿಂದ ನಾಲ್ಕಡಿ. ಟೆಂಪೋದ ಮರೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಅದಕ್ಕೂ ಯಾರೂ ಕಾಣುವುದಿಲ್ಲ. ಬರುವ ಗಾಡಿಯ ವೇಗವನ್ನು ಅಳೆಯುವ ಶಕ್ತಿಯೂ ಆ ವಯಸ್ಸಿಗೆ ಬಂದಿರುವುದಿಲ್ಲ. ‘ದೂರ ಇದೆ’ ಎಂಬುದಷ್ಟೇ ಅದಕ್ಕೆ ಗೊತ್ತು.

ಟೆಂಪೋದವನನ್ನು ಕೇಳಿದರೆ ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಕೂತಿದೆ. ‘ನನ್ ಗಾಡಿ ನಿಂತಿತ್ತು ಮೇಡಂ, ಓಡ್ತಿರ್ಲಿಲ್ಲ. ನಿಂತಿರೋ ಗಾಡಿ ಯಾರಿಗೇನು ಮಾಡುತ್ತೆ?’

ಎಂಥ ಪ್ರಶ್ನೆ ನೋಡಿ! ನಿಂತದ್ದು ತಪ್ಪು ಮಾಡಬಲ್ಲುದೇ? ನಮ್ಮ ಪಾಪಪುಣ್ಯದ ಲೆಕ್ಕವೆಲ್ಲ ಮಾಡಿದ್ದರ ಲೆಕ್ಕ. ಹೊಡೆದದ್ದು, ಕದ್ದದ್ದು, ಸುಳ್ಳು ಹೇಳಿದ್ದು. ಸುಮ್ಮನೆ ಇದ್ದದ್ದಕ್ಕೆ ಅಲ್ಲಿ ಕಲಮು ಇಲ್ಲ. ಅವನ ಟೆಂಪೋ ಒಂದೇ ಅಲ್ಲಿದ್ದಿದ್ದರೆ ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಅದರ ಪಕ್ಕ ಇನ್ನೊಂದು, ಅದರ ಹಿಂದೆ ಎಂಟು ಬೈಕು, ಒಂದು ಆಟೋ. ಪ್ರತಿಯೊಬ್ಬನೂ ನಿರಪರಾಧಿ. ಎಲ್ಲ ಸೇರಿದಾಗ ಶಾಲೆಯ ಮುಂದೆ ಒಂದು ಗೋಡೆ ಎದ್ದಿತ್ತು. ಆ ಗೋಡೆಯನ್ನು ಕಟ್ಟಿದವರು ಯಾರೂ ಇಲ್ಲ! ನಮ್ಮ ಕಾಲದ ಎಷ್ಟೋ ತೊಂದರೆಗಳ ರೀತಿಯೇ ಇದು. ಕೆಟ್ಟವರು ಒಬ್ಬರೂ ಇಲ್ಲದೆ ಕೆಟ್ಟದ್ದು ನಡೆದುಹೋಗುತ್ತದೆ. ಬೈಯಲು ಮುಖ ಸಿಗದಿದ್ದಾಗ ನಾವು ಹಣೆಬರಹವನ್ನು ಬೈದು ಮನೆಗೆ ಹೋಗುತ್ತೇವೆ.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಂದು ಸಲಹೆ ಬಂತು. ಗೇಟಿನ ಎರಡೂ ಬದಿಗೆ ಇಷ್ಟು ದೂರದವರೆಗೆ, ಶಾಲೆಯ ಹೊತ್ತಿನಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ಯಾವ ಗಾಡಿಯೂ ನಿಲ್ಲಬಾರದು. ಗೇಟಿನ ನೇರಕ್ಕೆ ಒಂದು ನಿಮಿಷವೂ ಬೇಡ. ಅಬ್ಬಾ, ಎಷ್ಟು ಮಾತು! ಒಬ್ಬರು ‘ರಸ್ತೆ ಸರ್ಕಾರದ್ದು, ಶಾಲೇದಲ್ಲ’ ಎಂದರು. ‘ಹತ್ತು ನಿಮಿಷದಲ್ಲಿ ಸಾಮಾನು ಇಳಿಯುತ್ತಾ?’ ಎಂದರು ಅಂಗಡಿಯವರು. ‘ಇದೇನು ಬೆಂಗಳೂರಾ?’ ಎಂದು ಕೇಳಿ ಇನ್ನೊಬ್ಬರು ನಕ್ಕರು.

ಕಾನೂನು ಹಳ್ಳಿಗೂ ಇದೆ ಎಂಬುದು ಹಲವರಿಗೆ ಹೊಸ ಸುದ್ದಿ. ಶಾಲೆಯ, ಆಸ್ಪತ್ರೆಯ ಬಾಗಿಲ ಬಳಿ ಗಾಡಿ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ಗಾಡಿಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೂ ಅದು ನೇಮಿಸಿದವರಿಗೂ ಕೊಟ್ಟಿದೆ. ‘ಎಷ್ಟು ಹೊತ್ತು’ ಎಂಬ ಮಾತು ಕಾನೂನಿನಲ್ಲೇ ಇದೆ. ಆದರೆ ಪುಸ್ತಕದಲ್ಲಿರುವ ಮಾತು ಹೊಂಗೆ ಮರದ ಕೆಳಗೆ ಬಂದು ನಿಲ್ಲಬೇಕಾದರೆ ಯಾರಾದರೂ ಅದನ್ನು ಹೇಳಬೇಕು. ಹೇಳುವವರು ಯಾರು?

ಅಲ್ಲಿಯವರೆಗೆ ಹೇಳುತ್ತಿದ್ದವರು ಯಾರು ಗೊತ್ತೇ? ಬಿಸಿಯೂಟದ ಅಡುಗೆಯ ಇಬ್ಬರು ಹೆಂಗಸರು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಬಂದಾಗ ಗೇಟಿನ ಮುಂದೆ ದಾರಿ ಬೇಕು. ಆಗ ಇವರು ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ‘ಅಣ್ಣಾ, ಸ್ವಲ್ಪ ಗಾಡಿ ತೆಗೀತೀರಾ?’ ಎಂದು ಕೇಳಬೇಕು. ಒಬ್ಬ ತೆಗೆಯುತ್ತಾನೆ. ಒಬ್ಬ ‘ತೆಗಿತೀನಿ ಇರಮ್ಮ’ ಎಂದು ಬೀಡಿ ಮುಗಿಸುತ್ತಾನೆ. ಇನ್ನೊಬ್ಬ ‘ನಿಮ್ಮಪ್ಪನ ರಸ್ತೆಯಾ?’ ಎನ್ನುತ್ತಾನೆ. ದಿನಾ ಕೇಳಿ ಕೇಳಿ ಅವರಲ್ಲೊಬ್ಬಳಿಗೆ ಊರಿನಲ್ಲಿ ಜಗಳಗಂಟಿ ಎಂಬ ಹೆಸರೂ ಬಂತು. ಗಾಡಿ ನಿಲ್ಲಿಸಿದವನಿಗೆ ಯಾವ ಹೆಸರೂ ಬರಲಿಲ್ಲ.

ದಾಕ್ಷಿಣ್ಯ ಎಂಬ ಗುಣವನ್ನು ನಾವು ಬಹಳ ಹೊಗಳುತ್ತೇವೆ. ಹಳ್ಳಿಗಳು ಉಳಿದಿರುವುದೇ ಅದರಿಂದ ಎನ್ನುತ್ತೇವೆ. ನಿಜವೇ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕುವ ಕಡೆ ದಾಕ್ಷಿಣ್ಯ ಇಲ್ಲದಿದ್ದರೆ ನಡೆಯುವುದಿಲ್ಲ. ಆದರೆ ದಾಕ್ಷಿಣ್ಯದ ಭಾರ ಎಲ್ಲರ ಹೆಗಲ ಮೇಲೂ ಸಮನಾಗಿ ಕೂತಿದೆಯೇ? ಗಾಡಿ ನಿಲ್ಲಿಸುವವನಿಗೆ ‘ಮಕ್ಕಳಿಗೆ ತೊಂದರೆಯಾದೀತು’ ಎಂಬ ದಾಕ್ಷಿಣ್ಯ ಬರಲಿಲ್ಲ. ‘ತೆಗೆಯಿರಿ’ ಎನ್ನಬೇಕಾದವಳಿಗೆ ಮಾತ್ರ ‘ಏನೆಂದುಕೊಳ್ಳುತ್ತಾರೋ’ ಎಂಬ ದಾಕ್ಷಿಣ್ಯ ಬಂತು. ದಾಕ್ಷಿಣ್ಯಕ್ಕೆ ಬಸಿರಾದಂತೆ ಎಂಬ ಗಾದೆಯನ್ನು ಕಟ್ಟಿದವರು ಹೆಂಗಸರೇ ಇರಬೇಕು ಎಂದು ನನ್ನ ಗುಮಾನಿ. ಎಲ್ಲರ ದಾಕ್ಷಿಣ್ಯವನ್ನೂ ಹೊತ್ತು ತಿಂಗಳು ಎಣಿಸುವವರು ಅವರೇ ತಾನೇ?

ಬೋರ್ಡು ಬೇಕು ಎಂದು ನಾನು ವಾದಿಸಿದ್ದು ಇದೇ ಕಾರಣಕ್ಕೆ. ಬರೆದಿಟ್ಟ ನಿಯಮ ಒರಟು, ಅದಕ್ಕೆ ಮುಖ ಮೋರೆ ಇಲ್ಲ ಎನ್ನುತ್ತಾರೆ. ಅದೇ ಅದರ ಒಳ್ಳೆಯ ಗುಣ. ಬೋರ್ಡಿಗೆ ಜಗಳಗಂಟಿ ಎಂಬ ಹೆಸರು ಬರುವುದಿಲ್ಲ. ಅದು ಯಾರ ಸೊಸೆಯೂ ಅಲ್ಲ, ಯಾರ ಸಾಲಗಾರಳೂ ಅಲ್ಲ. ಕೇಳಿಕೊಳ್ಳುವುದು ಯಾರಿಗೆ ಕಷ್ಟವೋ ಅವರ ಪರವಾಗಿ ಅದು ಬಿಸಿಲಿನಲ್ಲಿ ನಿಂತು ಹೇಳುತ್ತಿರುತ್ತದೆ. ಬಲವಿದ್ದವನಿಗೆ ನಿಯಮದ ಅಗತ್ಯ ಕಡಿಮೆ. ಅವನು ಕೂಗಿಯಾದರೂ ದಾರಿ ಮಾಡಿಕೊಳ್ಳುತ್ತಾನೆ. ಆರು ವರ್ಷದ ಮಗು ಕೂಗಿ ದಾರಿ ಮಾಡಿಕೊಳ್ಳಲಾರದು.

ಸರಿ, ಆದರೆ ಹತ್ತೇ ನಿಮಿಷ ಏಕೆ? ಪೂರ್ತಿ ಬೇಡವೆನ್ನಿ, ಇಲ್ಲವೇ ಬಿಟ್ಟುಬಿಡಿ ಎಂದವರಿದ್ದರು. ಇದಕ್ಕೆ ಉತ್ತರ ಬೀದಿ ನಲ್ಲಿಯ ಹತ್ತಿರ ನಿಂತ ನಮಗೆಲ್ಲ ಗೊತ್ತಿದೆ. ನಲ್ಲಿ ಎಲ್ಲರದು. ಎಲ್ಲರದೂ ಆಗಿರುವುದು ಏಕೆಂದರೆ, ನನ್ನ ಕೊಡ ತುಂಬಿದ ಕೂಡಲೇ ನಾನು ಅದನ್ನು ಎತ್ತುತ್ತೇನೆ. ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮಾತಿಗೆ ನಿಂತರೆ ನಲ್ಲಿ ನನ್ನದಾಯಿತು, ಉಳಿದವರದು ಹೋಯಿತು. ಕೊಡದ ಸಾಲಿನಲ್ಲಿ ಎಷ್ಟೋ ಜಗಳ ನಡೆದಿವೆ, ಜುಟ್ಟು ಹಿಡಿದದ್ದೂ ಉಂಟು. ಆದರೆ ಸರದಿ ಎಂಬುದೇ ಬೇಡ ಎಂದು ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಬೆಳಿಗ್ಗೆ ನಿಲ್ಲಿಸಿ ಸಂಜೆ ಒಯ್ಯುವ ಬೈಕು ಅಂಥ ಕರವಸ್ತ್ರ. ಯಜಮಾನ ಅಲ್ಲಿಲ್ಲ, ಜಾಗ ಮಾತ್ರ ಅವನದು.

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರು ಹುಟ್ಟಿದ್ದೂ ಇಂಥದೇ ಜಗಳದಿಂದ. ಅಮೆರಿಕದ ಒಕ್ಲಹೋಮಾ ನಗರದ ಪೇಟೆ ಬೀದಿಯಲ್ಲಿ, ಅಲ್ಲಿ ಕೆಲಸ ಮಾಡುವವರೇ ಬೆಳಿಗ್ಗೆ ಬಂದು ಕಾರು ನಿಲ್ಲಿಸಿ ಸಂಜೆಯವರೆಗೆ ಬಿಡುತ್ತಿದ್ದರು. ಸಾಮಾನು ಕೊಳ್ಳಲು ಬಂದವರಿಗೆ ಜಾಗವೇ ಇಲ್ಲ. ಕಾರ್ಲ್ ಮಗೀ ಎಂಬ ಪತ್ರಿಕಾ ಸಂಪಾದಕರ ಯೋಚನೆಯಂತೆ 1935ರ ಜುಲೈಯಲ್ಲಿ ಅಲ್ಲಿ ಮೀಟರು ನೆಟ್ಟರು. ಐದು ಸೆಂಟ್ ಹಾಕಿದರೆ ಒಂದು ಗಂಟೆ. ಹಣಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾಗಿದ್ದದ್ದು ಗಾಡಿಗಳು ಬಂದು ಬಂದು ಹೋಗುವುದು. ನಮ್ಮ ಹೊಂಗೆ ಮರದ ಕೆಳಗಿನ ಬೈಕಿನವರಿಗೂ ಆ ಕಾರಿನವರಿಗೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಸಭೆಯಲ್ಲಿ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜ ಎದ್ದುನಿಂತಾಗ ನನ್ನ ವಾದ ಸ್ವಲ್ಪ ತಡವರಿಸಿತು. ಅವರ ಮೊಮ್ಮಗನಿಗೆ ಕಾಲಿನಲ್ಲಿ ಶಕ್ತಿಯಿಲ್ಲ. ಮೊಪೆಡ್ಡಿನಲ್ಲಿ ಕೂರಿಸಿ ತರುತ್ತಾರೆ. ‘ನಂಗೆ ಈ ಮಗೀನ ಇಳ್ಸೋಕೇ ಹತ್ ನಿಮ್ಷ ಬೇಕು ಕಣವ್ವ. ಒಳಗೆ ಎತ್ಕೊಂಡೋಗಿ ಕೂರ್ಸಿ, ಬ್ಯಾಗು ತಂದಿಟ್ಟು, ನಾನು ಉಸ್ರು ತಗೊಂಡು ಬರೋದ್ರಾಗೆ ಅರ್ಧ ಗಂಟೆ ಆಯ್ತದೆ. ನನ್ ಗಾಡೀನೂ ತೆಗ್ಸೀರಾ?’

ಗಡಿಯಾರ ಎಲ್ಲರಿಗೂ ಒಂದೇ, ಹತ್ತು ನಿಮಿಷ ಎಲ್ಲರಿಗೂ ಒಂದೇ ಅಲ್ಲ. ಗಟ್ಟಿ ಕಾಲಿನ ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಅಳತೆ ಹಿಡಿದರೆ ಅದು ಸಮಾನತೆಯಂತೆ ಕಾಣುತ್ತದೆ, ನ್ಯಾಯವಾಗುವುದಿಲ್ಲ. ಮನೆಯಲ್ಲಿ ನಾವು ಹಾಗೆ ಬಡಿಸುತ್ತೇವೆಯೇ? ಬಾಣಂತಿಗೆ ಬೇರೆ, ಹೊಲದಿಂದ ಬಂದವನಿಗೆ ಬೇರೆ, ಜ್ವರದ ಮಗುವಿಗೆ ಬೇರೆ. ಹಾಗೆಂದು ‘ಯಾರಿಗೆ ಎಷ್ಟು ಬೇಕೋ ಅಷ್ಟು’ ಎಂದು ಬಿಟ್ಟರೆ ಪಾತ್ರೆ ಮೊದಲು ಬಂದವನ ಪಾಲು. ಆದ್ದರಿಂದ ನಿಯಮ ಬರೆಯಬೇಕು. ಬರೆಯುವಾಗಲೇ ಅಜ್ಜನನ್ನು ನೆನೆಯಬೇಕು. ಗೇಟಿನ ಪಕ್ಕದಲ್ಲಿ ಒಂದು ಜಾಗವನ್ನು ಕಾಲಿನ ತೊಂದರೆ ಇರುವ ಮಕ್ಕಳನ್ನು ತರುವವರಿಗೆಂದೇ ಬಿಡುವುದಾಗಿ ತೀರ್ಮಾನವಾಯಿತು. ಅದಕ್ಕೆ ಹೊತ್ತಿನ ಮಿತಿ ಇಲ್ಲ. ಉಳಿದ ಜಾಗಕ್ಕೆ ಮಿತಿ ಬಂದದ್ದರಿಂದಲೇ ಅಜ್ಜನಿಗೆ ಒಂದು ಜಾಗ ಖಾಯಮ್ಮಾಗಿ ಸಿಕ್ಕಿತು. ಅದಕ್ಕೆ ಮೊದಲು ಅವರೂ ದಿನಾ ಮೊಪೆಡ್ಡನ್ನು ಎಲ್ಲೋ ದೂರ ನಿಲ್ಲಿಸಿ ಮಗುವನ್ನು ಹೊತ್ತು ನಡೆಯುತ್ತಿದ್ದರು ಎಂಬುದು ಆಗಲೇ ಎಲ್ಲರ ಗಮನಕ್ಕೆ ಬಂದದ್ದು.

ಸಮಿತಿಯ ಒಬ್ಬ ಉತ್ಸಾಹಿ ಯುವಕ ‘ಮೀರಿದವರಿಗೆ ಐವತ್ತು ರೂಪಾಯಿ ದಂಡ ಹಾಕೋಣ, ಶಾಲೆಗೂ ದುಡ್ಡಾಗುತ್ತೆ’ ಎಂದ. ದಂಡ ಹಾಕುವುದು ಪೊಲೀಸರ ಕೆಲಸ, ಶಾಲೆಯದಲ್ಲ ಎಂದು ಮುಖ್ಯೋಪಾಧ್ಯಾಯರು ಅಲ್ಲಿಗೇ ನಿಲ್ಲಿಸಿದರು. ನನಗೆ ನೆನಪಾದದ್ದು ಇಸ್ರೇಲಿನ ಹೈಫಾ ಪಟ್ಟಣದ ಸಂಗತಿ. ಅಲ್ಲಿಯ ಹತ್ತು ಶಿಶುವಿಹಾರಗಳಲ್ಲಿ, ಸಂಜೆ ಮಕ್ಕಳನ್ನು ಕರೆದೊಯ್ಯಲು ತಂದೆ ತಾಯಂದಿರು ತಡಮಾಡುವುದನ್ನು ಯೂರಿ ಗ್ನೀಜಿ, ಆಲ್ಡೊ ರುಸ್ಟಿಕೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿದರು. ಆರು ಶಿಶುವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಹತ್ತು ಶೆಕೆಲ್ ದಂಡ ಎಂದು ಗೊತ್ತುಮಾಡಿದರು. ತಡಮಾಡುವವರು ಕಡಿಮೆಯಾದರೇ? ಇಲ್ಲ, ಸುಮಾರು ಎರಡರಷ್ಟಾದರು! ಮೊದಲು ‘ಪಾಪ, ಟೀಚರು ಕಾಯುತ್ತಿರುತ್ತಾರೆ’ ಎಂದು ಓಡಿ ಬರುತ್ತಿದ್ದವರು ಈಗ ‘ದುಡ್ಡು ಕೊಟ್ಟರಾಯಿತು’ ಎಂದುಕೊಂಡರು. ವಿಚಿತ್ರವೆಂದರೆ, ಮುಂದೆ ದಂಡವನ್ನು ತೆಗೆದುಹಾಕಿದ ಮೇಲೂ ಅವರು ಮೊದಲಿನಂತಾಗಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗಿನಿಂದ, ನಾಚಿಕೆಗೆ ಬೆಲೆಪಟ್ಟಿ ಅಂಟಿಸುವ ಮೊದಲು ನಾಲ್ಕು ಸಲ ಯೋಚಿಸಬೇಕು ಎಂದು ನನಗೆ ಅನ್ನಿಸಿದೆ. ಐವತ್ತು ರೂಪಾಯಿ ಕೊಟ್ಟು ಇಡೀ ದಿನ ನೆರಳು ಕೊಳ್ಳಬಹುದಾದರೆ ಶುಂಠಿ ವ್ಯಾಪಾರಿಗೆ ಅದು ಸೋವಿ. ಆಮೇಲೆ ಅವನನ್ನು ಏಳಿಸುವ ಬಾಯಿಯೂ ನಮಗೆ ಉಳಿಯುವುದಿಲ್ಲ.

ಹಾಗಾದರೆ ನಿಯಮ ಯಾವುದರ ಬಲದಿಂದ ನಿಲ್ಲಬೇಕು? ಇಲ್ಲಿ ನನಗೆ ನಮ್ಮಜ್ಜಿಯ ಕಾಲದ ಒಂದು ಶಾಸ್ತ್ರ ಸಹಾಯಕ್ಕೆ ಬರುತ್ತದೆ. ಹೊಸಿಲ ಮೇಲೆ ಕೂರಬಾರದು, ಹೊಸಿಲ ಮೇಲೆ ನಿಂತು ಮಾತಾಡಬಾರದು. ‘ಒಳಗಾದರೂ ಬಾ, ಹೊರಗಾದರೂ ಹೋಗು’ ಎನ್ನುತ್ತಿದ್ದರು. ಲಕ್ಷ್ಮಿ ಬರುವ ದಾರಿ ಎಂಬ ಕಾರಣ ಕೊಡುತ್ತಿದ್ದರು. ಕಾರಣ ಏನೇ ಇರಲಿ, ಅದರ ಒಳಗಿನ ತಿಳಿವಳಿಕೆ ದೊಡ್ಡದು. ಕೆಲವು ಜಾಗಗಳು ಇರುವುದು ದಾಟಲಿಕ್ಕೆ. ಅಲ್ಲಿ ನಿಲ್ಲುವವನು ಏನನ್ನೂ ಕದ್ದಿರುವುದಿಲ್ಲ, ಯಾರನ್ನೂ ನೂಕಿರುವುದಿಲ್ಲ. ಆದರೂ ಒಳಗಿನವರು ಹೊರಬರಲಾರರು, ಹೊರಗಿನವರು ಒಳಹೋಗಲಾರರು. ಟೆಂಪೋದವನ ಪ್ರಶ್ನೆಗೆ ಇದೇ ಉತ್ತರ. ನಿಲ್ಲಬಾರದ ಜಾಗದಲ್ಲಿ ನಿಲ್ಲುವುದೂ ಒಂದು ಕೆಲಸವೇ, ಅದಕ್ಕೂ ಲೆಕ್ಕ ಇದೆ. ದಿನಾ ಬೆಳಿಗ್ಗೆ ಹೊಸಿಲು ಸಾರಿಸಿ ಎರಡೆಳೆ ರಂಗೋಲಿ ಎಳೆಯುವ ನಮಗೆ ಇದನ್ನು ಬೇರೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಶಾಲೆಯ ಗೇಟಿನ ಮುಂದಿನ ನಾಲ್ಕು ಗಜ ನೆಲ ಇಡೀ ಊರಿನ ಹೊಸಿಲು.

ಇಟಲಿಯ ಬೊಲ್ಜಾನೊ ಎಂಬ ಊರಿನಲ್ಲಿ 1980ರ ದಶಕದ ಕೊನೆಯಿಂದಲೂ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಸ್ವಲ್ಪ ಕಾಲ ಶಾಲೆಯ ಬೀದಿಗೆ ಗಾಡಿಗಳೇ ಬಾರದಂತೆ ಮಾಡುವ ಪದ್ಧತಿ ಇದೆ. ಆಮೇಲೆ ಯೂರೋಪಿನ ಬೇರೆ ಊರುಗಳೂ ಅದನ್ನು ಹಿಡಿದವು. ನಮ್ಮ ಹಳ್ಳಿಯ ರಸ್ತೆಯಲ್ಲಿ ಬಸ್ಸು ಓಡಬೇಕು, ಅಷ್ಟು ಮಾಡಲಾಗದು. ಪಂಚಾಯಿತಿಯವರು ಮೇಲಿನವರಿಗೆ ಪತ್ರ ಬರೆದರು. ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ಬೇಡವೆಂದು ಶಾಲೆಯವರೇ ಒಂದು ಹಲಗೆಗೆ ನೀಲಿ ಬಣ್ಣ ಬಳಿದು ಬಿಳಿ ಅಕ್ಷರದಲ್ಲಿ ಬರೆಸಿದರು: ‘ಇದು ಮಕ್ಕಳ ದಾರಿ. ದಯವಿಟ್ಟು ಹತ್ತು ನಿಮಿಷ ಮಾತ್ರ.’ ಗೇಟಿನ ನೇರಕ್ಕೆ, ಆಟೋಟದ ದಿನ ಎಳೆಯುವಂತೆ ಸುಣ್ಣದ ಗೆರೆ ಎಳೆದರು. ಮಳೆಗೆ ಅಳಿಸಿದರೆ ಸೋಮವಾರ ಮತ್ತೆ ಎಳೆಯುತ್ತಾರೆ. ದಿನವಿಡೀ ಬೈಕು ಬಿಡುವವರಿಗೆ ಪಂಚಾಯಿತಿ ಕಟ್ಟಡದ ಹಿಂದಿನ ಖಾಲಿ ಜಾಗ ತೋರಿಸಿದರು. ಅಲ್ಲಿ ನೆರಳಿಲ್ಲ ಎಂದು ಗೊಣಗಿದವರಿಗೆ ಅಡುಗೆಯಾಕೆ, ‘ಗಿಡ ನೆಡಿ ಅಣ್ಣ, ನಮ್ ಮಕ್ಳು ನೆಟ್ಟಂಗೆ’ ಎಂದಳಂತೆ!

ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಮಂಗಳವಾರ ಈಗಲೂ ಕಷ್ಟವೇ. ಬೋರ್ಡಿನ ಬುಡಕ್ಕೇ ಗಾಡಿ ನಿಲ್ಲಿಸಿ ಅದಕ್ಕೆ ಒರಗಿ ನಿಲ್ಲುವವರೂ ಇದ್ದಾರೆ. ಆದರೆ ಒಂದು ಬದಲಾವಣೆ ಆಗಿದೆ. ಸಿಲಿಂಡರಿನ ಗಾಡಿ ಬಂದಾಗ ಆ ಅಡುಗೆಯಾಕೆ ಈಗ ‘ಅಣ್ಣಾ’ ಎಂದು ಬೇಡಿಕೊಳ್ಳುವುದಿಲ್ಲ. ಸೌಟು ಹಿಡಿದ ಕೈಯನ್ನೇ ಎತ್ತಿ ಹಲಗೆಯ ಕಡೆ ತೋರಿಸುತ್ತಾಳೆ. ಮಾತಿಲ್ಲ, ಜಗಳವಿಲ್ಲ. ಎದುರಿನವನು ಹಲಗೆಯನ್ನು ನೋಡುತ್ತಾನೆ, ಕೀಲಿ ತಿರುಗಿಸುತ್ತಾನೆ. ಅವನಿಗೂ ಅದರಿಂದ ಒಂದು ಉಪಕಾರವಾಗಿದೆ. ಹೆಂಗಸೊಬ್ಬಳು ಹೇಳಿದ್ದಕ್ಕೆ ಗಾಡಿ ತೆಗೆದೆ ಎನ್ನಿಸಿಕೊಳ್ಳಬೇಕಾಗಿಲ್ಲ, ಬೋರ್ಡಿಗಾಗಿ ತೆಗೆದೆ ಎನ್ನಬಹುದು. ಗಂಡಸರ ಮಾನವನ್ನೂ ಹೀಗೆ ಕಾಪಾಡಿದ ಆ ಹಲಗೆಗೆ ಬಣ್ಣ ಬಳಿಯಲು ಹಿಡಿದ ಖರ್ಚು ಬಹಳ ಕಡಿಮೆ.

ನಿಮ್ಮ ಬೀದಿಯಲ್ಲೂ ಶಾಲೆ ಇರಬಹುದು. ನೀವೂ ಮಗುವನ್ನೋ ಮೊಮ್ಮಗುವನ್ನೋ ಬಿಡಲು ಹೋಗುವವರಿರಬಹುದು. ಅಲ್ಲಿ ಸ್ಕೂಟರು ನಿಲ್ಲಿಸಿ, ಪರಿಚಯದವರು ಸಿಕ್ಕಿ, ಮಾತು ಮದುವೆ ಮನೆಯ ಸುದ್ದಿಗೆ ತಿರುಗಿದಾಗ, ನಾಲ್ಕು ಹೆಜ್ಜೆ ಆಚೆಗೆ ಸ್ಕೂಟರು ತಳ್ಳಿಕೊಂಡು ಹೋಗಿ ಮಾತು ಮುಂದುವರಿಸಿ. ಸುದ್ದಿಯ ರುಚಿ ಅದರಿಂದ ಕೆಡುವುದಿಲ್ಲ. ಹಿಂದೆ ಬಂದವಳಿಗೆ ಜಾಗವಾಗುತ್ತದೆ, ಅವಳು ನಿಮ್ಮನ್ನು ಕೇಳಿಕೊಳ್ಳುವ ಪ್ರಮೇಯವೂ ಬರುವುದಿಲ್ಲ.